ಏಳನೆಯ ಪೆಟ್ಟಿಗೆ ಇಳಿಸಿದ ಕೊಪ್ಪರಿಗೆ

“ಗುರುಗಳೇ, ನಮ್ಮ ಮಾತು ಅವರಿಗೆ ತಿಳಿಯೋ ಹಾಗೆ ಹೇಳೋದು ಹೇಗೆ?”

ಕೇಳಿದವನು ವಿರೂಪಾಕ್ಷ. ಲಾರಿಗಳಲ್ಲಿ ಸರಕು ಸಾಗಿಸುವ ಒಂದು ದೊಡ್ಡ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಆಗಾಗ ಆಶ್ರಮಕ್ಕೆ ಬಂದು ಗುರುಗಳ ಎದುರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಹೋಗುವುದು ಅವನ ರೂಢಿ. ಆ ದಿನ ಕುಳಿತವನಿಗೆ ಸುಮ್ಮನಿರಲು ಆಗಲಿಲ್ಲ.

‘ಅವರು’ ಎಂದರೆ ಯಾರು ಎಂದು ಗುರುಗಳು ಕೇಳಿದರು. ಉಳಿದವರೆಲ್ಲ ಎಂದ ವಿರೂಪಾಕ್ಷ. ಗೋದಾಮಿನವರು, ಲೆಕ್ಕಪತ್ರದವರು, ಲಾರಿ ಹೊರಡಿಸುವವರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿದೆ ಅವನ ಕಚೇರಿ. ಅವರಿಗೆ ಬೇಕಾದುದನ್ನು ಅವರು ಸರಿಯಾಗಿ ಹೇಳುವುದಿಲ್ಲ. ಹೇಳಿದ್ದನ್ನು ಇವನ ಹುಡುಗರು ಮಾಡಿಕೊಟ್ಟರೆ ಕೇಳಿದ್ದು ಇದಲ್ಲ ಎನ್ನುತ್ತಾರೆ. ಏಕೆ ಹೀಗೆ ಎಂದು ವಿವರಿಸಲು ಹೋದರೆ ಆಕಳಿಸುತ್ತಾರೆ. ಹೇಳಿ ಹೇಳಿ ಅವನ ಗಂಟಲು ಒಣಗಿದೆ. ಕೆಲಸ ಬಿಟ್ಟುಬಿಡಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ಗುರುಗಳು ಎಲ್ಲವನ್ನೂ ಕೇಳಿದರು. ಅವರಿಗೆ ವಯಸ್ಸಾಗಿತ್ತು, ಇಂಥ ದೂರುಗಳನ್ನು ಕೇಳಿ ಕೇಳಿ ಅವರಿಗೂ ದಣಿವಾಗಿತ್ತು. ಗೋಡೆಗೆ ಒರಗಿಕೊಂಡು, ನಿನ್ನ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದಪ್ಪ, ಇದಕ್ಕೆ ನನ್ನ ಬಳಿ ಉಪದೇಶವಿಲ್ಲ, ಒಂದು ಕತೆ ಇದೆ, ಬೇಕಾದರೆ ಕೇಳು ಎಂದರು.

ಒಂದಾನೊಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದೊಂದು ಔಷಧಶಾಲೆ. ಅಲ್ಲಿ ಹಲವು ಔಷಧಿಗಳು ತಯಾರಾಗುತ್ತಿದ್ದವು. ಆದರೆ ಹೆಸರು ತಂದದ್ದು ಒಂದೇ, ಕೀಲುನೋವಿನ ಮಾತ್ರೆ. ಹಾಸಿಗೆ ಹಿಡಿದವರು ಅದನ್ನು ನುಂಗಿ ಎದ್ದು ಓಡಾಡುತ್ತಿದ್ದರು.

ಆ ಮಾತ್ರೆಯನ್ನು ಮಾಡುತ್ತಿದ್ದದ್ದು ಒಂದು ವಿಷದ ಬೇರಿನಿಂದ. ಬೇರನ್ನು ದೊಡ್ಡ ಕೊಪ್ಪರಿಗೆಯಲ್ಲಿ ಹಾಲಿಗೆ ಹಾಕಿ ಎಂಟು ಗಳಿಗೆ ಬೇಯಿಸಬೇಕು. ಆಗ ವಿಷ ಹೋಗಿ ಗುಣ ಉಳಿಯುತ್ತದೆ. ಹೆಚ್ಚು ಬೆಂದರೆ ಗುಣವೂ ಹೋಗುತ್ತದೆ, ಮಾತ್ರೆ ಬರೀ ಮಣ್ಣಿನ ಉಂಡೆ. ಕಡಿಮೆ ಬೆಂದರೆ ವಿಷ ಉಳಿಯುತ್ತದೆ. ಆ ಬೇರು ವಿಷ ಬಿಡುವುದೇ ಕೊನೆಯ ಗಳಿಗೆಯಲ್ಲಿ. ಬೆಂದಿದೆಯೋ ಇಲ್ಲವೋ ಎಂಬುದು ನೋಡಿದರೆ ತಿಳಿಯದು, ಮೂಸಿದರೂ ತಿಳಿಯದು. ಗಳಿಗೆಯೊಂದೇ ಅದಕ್ಕೆ ಅಳತೆ.

ಗಳಿಗೆ ಅಳೆಯುವುದಕ್ಕೆ ಅಂಗಳದ ಆಚೆ ಒಂದು ಕೋಣೆ ಇತ್ತು. ಅದನ್ನು ಗಳಿಗೆಮನೆ ಎನ್ನುತ್ತಿದ್ದರು. ಅಲ್ಲಿ ಒಂದು ಹಂಡೆ ನೀರು, ಅದರ ಮೇಲೆ ತೇಲುವ ತಾಮ್ರದ ಬಟ್ಟಲು. ಬಟ್ಟಲಿನ ತಳದಲ್ಲಿ ಸೂಜಿ ಹಿಡಿಸುವಷ್ಟು ತೂತು. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಮುಳುಗಿದ ಕೂಡಲೇ ಗಳಿಗೆಯವನು ಜಾಗಟೆಗೆ ಪೆಟ್ಟು ಹಾಕುತ್ತಿದ್ದ. ಬೆಳಿಗ್ಗೆ ಒಲೆ ಹೊತ್ತಿದಾಗ ಶುರುವಾದ ಎಣಿಕೆ, ಕೊಪ್ಪರಿಗೆ ಇಳಿಸುವವರೆಗೆ. ಔಷಧಶಾಲೆಯ ಎಲ್ಲರೂ ಆ ಪೆಟ್ಟಿನ ಮೇಲೆಯೇ ನಡೆಯುತ್ತಿದ್ದರು. ಕುಟ್ಟುವವರು ಒನಕೆ ಎತ್ತುತ್ತಿದ್ದದ್ದೂ ಗಾಡಿಯವರು ಎತ್ತು ಕಟ್ಟುತ್ತಿದ್ದದ್ದೂ ಅದನ್ನು ಕೇಳಿಯೇ.

ಗಳಿಗೆಯವನು ತನ್ನ ವಿದ್ಯೆಯನ್ನು ಚೆನ್ನಾಗಿ ಬಲ್ಲವನು. ಬಟ್ಟಲಿನ ತೂಕ ಎಷ್ಟಿರಬೇಕು, ತೂತು ಎಷ್ಟಿರಬೇಕು, ಎಲ್ಲ ಕಂಠಪಾಠ. ಕೆಲಸಗಳ್ಳನಲ್ಲ, ಸುಳ್ಳನೂ ಅಲ್ಲ. ಆದರೆ ತನ್ನ ವಿದ್ಯೆ ತಿಳಿಯದವರ ಜೊತೆ ಮಾತನಾಡುವುದೆಂದರೆ ಅವನಿಗೆ ತಲೆನೋವು. ಸೂರ್ಯನನ್ನು ನೋಡಿ ಹೊತ್ತು ಹೇಳುವುದು ದನ ಕಾಯುವವರ ಕೆಲಸ ಎಂದು ಅವನು ಕಿಟಕಿಯಿಂದ ಹೊರಗೆ ನೋಡುತ್ತಲೂ ಇರಲಿಲ್ಲ. ನಿನ್ನ ಕಚೇರಿಯಲ್ಲೂ ಕಿಟಕಿಗೆ ಪರದೆ ಇರಬೇಕಲ್ಲ? ಇರಲಿ ಬಿಡು.

ಅಂಗಳದ ಈಚೆ ಒಲೆಮನೆ. ಅಲ್ಲಿ ಬೇರು ಬೇಯಿಸುವ ಹೆಂಗಸರು. ಅವರಿಗೆ ಒಬ್ಬಳು ಹಿರಿಯಳು. ಆ ಔಷಧಶಾಲೆಯಲ್ಲಿ ಒಂದು ಕಟ್ಟಳೆ ಇತ್ತು. ಬೇಯಿಸಿದ ಬೇರು ಒಣಗಿ, ಪುಡಿಯಾಗಿ, ಮಾತ್ರೆಯಾಗಿ ಬಂದ ಮೇಲೆ ಮೊದಲ ಮಾತ್ರೆಯನ್ನು ಒಲೆಮನೆಯ ಹಿರಿಯಳೇ ನುಂಗಬೇಕು. ಅವಳು ಮರುದಿನ ಎದ್ದು ಕೆಲಸಕ್ಕೆ ಬಂದರೆ ಉಳಿದ ಮಾತ್ರೆಗಳು ಗಾಡಿ ಹತ್ತುತ್ತವೆ. ವ್ಯಾಪಾರಿಯ ತಾತ ಮಾಡಿದ ಕಟ್ಟಳೆ ಅದು. ಬೇಯಿಸುವ ಕೈ ಎಚ್ಚರವಾಗಿರಲಿ ಎಂದು ಮಾಡಿದ್ದು. ಕ್ರೂರವೇ. ಆದರೆ ಎಷ್ಟೋ ವರ್ಷಗಳಿಂದ ಯಾರಿಗೂ ಏನೂ ಆಗಿರಲಿಲ್ಲವಾದ್ದರಿಂದ ಅದು ಕ್ರೂರವೆಂದು ಯಾರಿಗೂ ತೋರುತ್ತಿರಲಿಲ್ಲ.

ಆ ಹೆಂಗಸಿಗೆ ತನ್ನ ಪ್ರಾಣ ಜಾಗಟೆಯ ಪೆಟ್ಟಿಗೆ ಕಟ್ಟಿದೆ ಎಂಬುದು ಗೊತ್ತಿತ್ತು. ಮಾತ್ರೆ ಸರಿಯಾಗಿದ್ದರೆ ನಾಲಿಗೆ ಸ್ವಲ್ಪ ಚುರುಗುಟ್ಟುತ್ತದೆ ಎಂಬುದೂ ಗೊತ್ತಿತ್ತು. ಒಂದು ವರ್ಷ ಆ ಚುರುಕು ಕಡಿಮೆಯಾಗತೊಡಗಿತು. ಮರುವರ್ಷ ಇಲ್ಲವೇ ಇಲ್ಲ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಊರೂರಿನಿಂದ ದೂರು ಬಂತು. ವ್ಯಾಪಾರಿ ಒಲೆಮನೆಯವರನ್ನು ಗದರಿಸಿದ. ಅವಳು ಯೋಚಿಸಿದಳು. ಬೇರು ಅದೇ, ಹಾಲು ಅದೇ, ಸೌದೆ ಮಾತ್ರ ಮೊದಲಿಗಿಂತ ಹೆಚ್ಚು ಬೇಕಾಗುತ್ತಿದೆ. ಹಾಗಾದರೆ ಗಳಿಗೆ ಉದ್ದವಾಗಿದೆ.

ಅವಳು ಅಂಗಳ ದಾಟಿ ಹೋಗಿ ಗಳಿಗೆಯವನಿಗೆ ಹೇಳಿದಳು. ಅವನು ಬಟ್ಟಲನ್ನೂ ಹಂಡೆಯನ್ನೂ ತೋರಿಸಿ, ತೂಕದ ಲೆಕ್ಕವನ್ನೂ ತೂತಿನ ಲೆಕ್ಕವನ್ನೂ ಹೇಳಿದ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆಯಾಯಿತು, ತಲೆ ಆಡಿಸಿ ಬಂದಳು. ಮತ್ತೆ ಒಮ್ಮೆ ಹೋದಳು. ಗಳಿಗೆ ಸರಿಯಾಗಿದೆ, ನಿಮ್ಮ ಬೆಂಕಿ ನೋಡಿಕೊಳ್ಳಿ ಎಂದ. ಅಷ್ಟರಲ್ಲಿ ಕುಟ್ಟುವವರೂ ಗಾಡಿಯವರೂ ಅದೇ ದೂರು ಹೊತ್ತು ಬಂದಿದ್ದರು. ದಿನವಿಡೀ ಬಾಗಿಲಲ್ಲಿ ಯಾರಾದರೊಬ್ಬರು. ಬಟ್ಟಲಿನ ಮೇಲೆ ಕಣ್ಣಿಡುವುದೋ ಇವರಿಗೆ ಉತ್ತರ ಕೊಡುವುದೋ ಎಂದು ಅವನು ವ್ಯಾಪಾರಿಯ ಹತ್ತಿರ ಅಲವತ್ತುಕೊಂಡ. ಅವನ ಕಷ್ಟವೂ ಸುಳ್ಳಲ್ಲ.

ವ್ಯಾಪಾರಿ ಒಂದು ನಿಯಮ ಮಾಡಿದ. ಇನ್ನು ಮೇಲೆ ಯಾರೂ ಗಳಿಗೆಮನೆಗೆ ಹೋಗಕೂಡದು. ಹೇಳುವುದೇನಿದ್ದರೂ ಔಷಧಶಾಲೆಯ ಮೇಲ್ವಿಚಾರಣೆ ನೋಡುವ ಪಾರುಪತ್ಯಗಾರನಿಗೆ ಹೇಳಬೇಕು. ಅವನು ಸೋಮವಾರ ಸೋಮವಾರ ಎಲ್ಲ ಕಡೆ ಹೋಗಿ ಏನಾದರೂ ಇದೆಯೇ ಎಂದು ಕೇಳಿ, ಅಲ್ಲಿಯ ಮಾತನ್ನು ಇಲ್ಲಿಗೆ ಮುಟ್ಟಿಸಬೇಕು. ಪಾರುಪತ್ಯಗಾರ ಒಳ್ಳೆಯವನು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಒಲೆಮನೆಯ ಸಿಟ್ಟನ್ನು ಸೋಸಿ, ಅವರು ನಿಮ್ಮ ಬಟ್ಟಲಿನ ಬಗ್ಗೆ ವಿಚಾರಿಸಿದರು ಎಂದು ಗಳಿಗೆಯವನಿಗೆ ಹೇಳುತ್ತಿದ್ದ. ಗಳಿಗೆಯವನ ಬಿರುಸನ್ನು ಸೋಸಿ, ನೋಡೋಣ ಎಂದಿದ್ದಾರೆ ಎಂದು ಒಲೆಮನೆಗೆ ಹೇಳುತ್ತಿದ್ದ. ಮಾತಿನ ಜೊತೆ ಅದರೊಳಗಿನ ನೋವನ್ನೂ ಸೋಸಿಬಿಟ್ಟರೆ ಉಳಿಯುವುದೇನು? ಯಾರಿಗೂ ಏನೂ ಮುಟ್ಟಲಿಲ್ಲ.

ಕಡೆಗೆ ಆ ಹೆಂಗಸಿಗೆ ಸಾಕಾಯಿತು. ಜಗಳವಾಡುವ ಶಕ್ತಿ ಅವಳಲ್ಲಿ ಇರಲಿಲ್ಲ. ಒಂದು ದಿನ ಎಂಟನೆಯ ಪೆಟ್ಟಿಗೆ ಕಾಯದೆ ಏಳನೆಯ ಪೆಟ್ಟಿಗೇ ಕೊಪ್ಪರಿಗೆ ಇಳಿಸಿದಳು. ಆ ಸಲದ ಮೊದಲ ಮಾತ್ರೆಯನ್ನು ದೇವರ ಹೆಸರು ಹೇಳಿ ನುಂಗಿದಳು. ನಾಲಿಗೆ ಹದವಾಗಿ ಚುರುಗುಟ್ಟಿತು. ಮರುದಿನ ಎದ್ದು ಕೆಲಸಕ್ಕೆ ಬಂದಳು. ಅಂದಿನಿಂದ ಏಳನೆಯ ಪೆಟ್ಟೇ ಒಲೆಮನೆಯ ಕ್ರಮವಾಯಿತು. ಹೊಸದಾಗಿ ಬಂದವರಿಗೂ ಅವಳು ಅದನ್ನೇ ಕಲಿಸಿದಳು. ಗಳಿಗೆಮನೆಗೆ ತಿಳಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ, ಸುಮ್ಮನೆ ಯಾಕೆ ರಗಳೆ, ನಮ್ಮ ಕೆಲಸ ನಡೆಯುತ್ತಿದೆಯಲ್ಲ ಎಂದಳು.

ಕೆಲಸ ನಡೆಯಿತು. ಮಾತ್ರೆಗೆ ಮೊದಲಿನ ಹೆಸರು ಬಂತು. ಸೋಮವಾರ ಪಾರುಪತ್ಯಗಾರ ಕೇಳಿದರೆ ಎಲ್ಲರೂ ಏನಿಲ್ಲ ಎನ್ನತೊಡಗಿದರು. ಅವನು ತನ್ನ ಜಾಣ್ಮೆಗೆ ತಾನೇ ತಲೆದೂಗಿದ. ವ್ಯಾಪಾರಿ ತನ್ನ ನಿಯಮವನ್ನು ಕಂಡವರ ಮುಂದೆಲ್ಲ ಹೊಗಳಿಕೊಂಡ. ಗಳಿಗೆಯವನೂ ನಿಟ್ಟುಸಿರು ಬಿಟ್ಟು, ಅಂತೂ ಇವರಿಗೆ ಬುದ್ಧಿ ಬಂತು ಎಂದುಕೊಂಡ. ಹೀಗೆ ವರ್ಷಗಳು ಕಳೆದವು. ಅಷ್ಟು ನೆಮ್ಮದಿಯ ಔಷಧಶಾಲೆ ಆ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ.

ಒಂದು ಅಮಾವಾಸ್ಯೆ. ಔಷಧಶಾಲೆಗೆ ರಜೆ. ಗಳಿಗೆಯವನು ಹಂಡೆ ತೊಳೆಯಲು ಬಂದವನು ಬಟ್ಟಲನ್ನೂ ಎತ್ತಿ ಬೆಳಕಿಗೆ ಹಿಡಿದ. ಅಷ್ಟು ವರ್ಷವೂ ಅದು ಮುಳುಗುತ್ತಲೇ ಇತ್ತು. ಮುಳುಗುತ್ತಿರುವ ಬಟ್ಟಲನ್ನು ಯಾರು ತಿರುಗಿಸಿ ಪರೀಕ್ಷಿಸುತ್ತಾರೆ? ತೂತಿನ ಸುತ್ತ ನೀರಿನ ಸುಣ್ಣ ಬಿಳಿಯಾಗಿ ಗಟ್ಟಿ ಕಟ್ಟಿತ್ತು. ಅಳತೆಯ ಸೂಜಿ ಒಳಗೆ ಹೋಗಲಿಲ್ಲ. ಅವನು ಅಲ್ಲೇ ಕುಳಿತುಬಿಟ್ಟ. ಆ ಹೆಂಗಸು ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಾಯಿತು. ಅವಳು ಹೇಳಿದ್ದು ನಿಜ.

ಹುಣಸೆಹಣ್ಣು ತಂದು ನೆನೆಹಾಕಿ ಉಜ್ಜಿದ. ಸುಣ್ಣ ಬಿಟ್ಟಿತು, ಸೂಜಿ ಸಲೀಸಾಗಿ ಹೋಯಿತು. ಬಟ್ಟಲು ಹೊಸದರಂತಾಯಿತು, ಗಳಿಗೆ ಮತ್ತೆ ಗಳಿಗೆಯಷ್ಟೇ ಆಯಿತು. ಇದನ್ನು ಹೇಳಬೇಕೇ ಎಂದು ಅವನು ಯೋಚಿಸಿದ. ತಪ್ಪಿದ್ದರೆ ಹೇಳಬೇಕು, ಈಗ ಸರಿಯಾಗಿದೆ, ಸರಿಯಾದುದನ್ನು ಏನೆಂದು ಹೇಳುವುದು ಎಂದುಕೊಂಡ. ಇದು ಅವನು ತನಗೆ ಹೇಳಿಕೊಂಡ ಕಾರಣ. ಹೇಳಿಕೊಳ್ಳದ ಕಾರಣವೂ ಒಂದಿತ್ತು. ಹೇಳಲು ಹೋದರೆ, ಇಷ್ಟು ವರ್ಷ ನೀವೇ ಸರಿ, ನಾನೇ ತಪ್ಪು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಮರುದಿನ ಒಲೆ ಹೊತ್ತಿತು, ಜಾಗಟೆ ಶುರುವಾಯಿತು. ಏಳನೆಯ ಪೆಟ್ಟು ಬಿದ್ದಾಗ ಆ ಹೆಂಗಸು ತಲೆ ಎತ್ತಿದಳು. ಇವತ್ತು ಬೇಗ ಆದ ಹಾಗಿದೆಯಲ್ಲ ಎಂದಳು. ಪಕ್ಕದಲ್ಲಿದ್ದ ಮುದುಕಿ, ಅವರ ಗಳಿಗೆ ಅವರಿಗೇ ಪ್ರೀತಿ ಎಂದು ನಕ್ಕಳು. ಹೋಗಿ ಕೇಳಲು ದಾರಿ ಇರಲಿಲ್ಲ. ಇದ್ದಿದ್ದರೂ ಕೇಳುವ ಮನಸ್ಸು ಎಂದೋ ಹೋಗಿತ್ತು. ಕೊಪ್ಪರಿಗೆ ಇಳಿಸಿದರು.

ಬೇರು ಒಣಗುತ್ತಿರುವಾಗ ಸೋಮವಾರ ಬಂತು. ಪಾರುಪತ್ಯಗಾರ ಗಳಿಗೆಮನೆಯ ಬಾಗಿಲಲ್ಲಿ ನಿಂತು, ಹೇಳುವುದು ಏನಾದರೂ ಇದೆಯೇ ಎಂದ. ಗಳಿಗೆಯವನು ಏನಿಲ್ಲ ಎಂದ. ಪಾರುಪತ್ಯಗಾರ ಅಂಗಳ ದಾಟಿ ಒಲೆಮನೆಗೆ ಹೋಗಿ ಕೇಳಿದ. ಆ ಹೆಂಗಸೂ ಏನಿಲ್ಲ ಎಂದಳು. ಎರಡು ‘ಏನಿಲ್ಲ’ಗಳನ್ನು ಹೊತ್ತುಕೊಂಡು ಅವನು ಊಟಕ್ಕೆ ಹೋದ. ವಿರೂಪಾಕ್ಷ, ಈ ಕತೆಯಲ್ಲಿ ನನಗೆ ಸಂಕಟವಾಗುವುದು ಇಲ್ಲೇ. ಮುಂದಿನದು ಬರೀ ನಡೆದದ್ದು.

ಮಾತ್ರೆ ತಯಾರಾಯಿತು. ಆ ಹೆಂಗಸು ಮೊದಲನೆಯದನ್ನು ಬೆಲ್ಲದ ಚೂರಿನ ಜೊತೆ ನುಂಗಿದಳು. ನಾಲಿಗೆ ಜೋರಾಗಿ ಚುರುಗುಟ್ಟಿತು. ಈ ಸಲ ಮದ್ದು ಚೆನ್ನಾಗಿ ಬಂದಿದೆ ಎಂದು ಸಂತೋಷಪಟ್ಟಳು. ಸ್ವಲ್ಪ ಹೊತ್ತಿಗೆ ತುಟಿ ಮರಗಟ್ಟಿತು. ಕೈಕಾಲು ತಣ್ಣಗಾಯಿತು. ವೈದ್ಯನನ್ನು ಕರೆದುಕೊಂಡು ಬರುವಷ್ಟರಲ್ಲಿ ಅವಳು ಇರಲಿಲ್ಲ.

ವ್ಯಾಪಾರಿ ಎಲ್ಲರನ್ನೂ ಅಂಗಳಕ್ಕೆ ಕರೆಸಿ ಕೇಳಿದ. ಜಾಗಟೆ ಸರಿಯಾಗಿತ್ತು ಎಂದ ಗಳಿಗೆಯವನು. ಅದು ನಿಜವಾಗಿತ್ತು. ಎಂದಿನಂತೆಯೇ ಬೇಯಿಸಿದೆವು ಎಂದರು ಒಲೆಮನೆಯವರು. ಅದೂ ನಿಜ. ಹೇಳಿದ ಮಾತನ್ನೆಲ್ಲ ಮುಟ್ಟಿಸಿದ್ದೇನೆ ಎಂದ ಪಾರುಪತ್ಯಗಾರ. ಯಾರಿಗೆ ಶಿಕ್ಷೆ ಕೊಡಬೇಕೆಂದು ವ್ಯಾಪಾರಿಗೆ ತಿಳಿಯಲಿಲ್ಲ. ಬೈಯುವುದಕ್ಕೆ ಕೂಡ ಒಬ್ಬರೂ ಸಿಗಲಿಲ್ಲ. ಆ ತಯಾರಿಯ ಮಾತ್ರೆಗಳನ್ನೆಲ್ಲ ಹೂಳಿಸಿ, ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಎಂದಿನಂತೆ ಎಂದರಲ್ಲ, ಆ ಮಾತು ಗಳಿಗೆಯವನನ್ನು ಬಿಡಲಿಲ್ಲ. ಎಲ್ಲರೂ ಚದುರಿದ ಮೇಲೆ ಅವನು ಅಂಗಳ ದಾಟಿ ಒಲೆಮನೆಗೆ ಹೋದ. ಅಷ್ಟು ವರ್ಷದಲ್ಲಿ ಅವನು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಮುದುಕಿ ಒಬ್ಬಳೇ ಆರಿದ ಒಲೆಯ ಮುಂದೆ ಕುಳಿತಿದ್ದಳು. ನೀವು ಕೊಪ್ಪರಿಗೆಯನ್ನು ಯಾವಾಗ ಇಳಿಸುತ್ತೀರಿ ಎಂದು ಅವನು ಕೇಳಿದ. ಏಳಕ್ಕೆ ಎಂದಳು. ಕುಟ್ಟುವವರದೂ ಗಾಡಿಯವರದೂ ಬೇರೆ ಬೇರೆ ಲೆಕ್ಕ ಇದೆ, ನಿಮ್ಮೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತು ಎಂದಳು.

“ನನಗ್ಯಾಕೆ ಹೇಳಲಿಲ್ಲ ತಾಯಿ?”

“ಹೇಳಿದ್ವಲ್ಲ ಸ್ವಾಮಿ. ನಮ್ಮದು ಸರಿಯಾಗಿದೆ ಅಂದ್ರಿ. ಆಮೇಲೆ ನಾವೂ ಸರಿಮಾಡ್ಕೊಂಡ್ವಿ. ನೀವು ಬಟ್ಟಲು ಸರಿಮಾಡಿದ್ದು ನಮಗ್ಯಾಕೆ ಹೇಳಲಿಲ್ಲ?”

ಬಟ್ಟಲು ಸರಿಮಾಡಿದ್ದು ಅವಳಿಗೆ ಹೇಗೆ ಗೊತ್ತಾಯಿತೆಂದು ಅವನು ಕೇಳಲಿಲ್ಲ. ಪೆಟ್ಟು ಬೇಗ ಬಿದ್ದು, ಎಂದಿನಂತೆ ಏಳಕ್ಕೇ ಇಳಿಸಿಯೂ ಹೆಣ ಬಿದ್ದ ಮೇಲೆ ಯಾರಿಗಾದರೂ ಗೊತ್ತಾಗುವ ವಿಷಯ ಅದು. ಅವನು ನಿಂತೇ ಇದ್ದ. ಮುದುಕಿಯೂ ಹೋಗಿ ಎನ್ನಲಿಲ್ಲ, ಕುಳಿತುಕೊಳ್ಳಿ ಎನ್ನಲೂ ಇಲ್ಲ. ಅವಳಿಗೆ ಅವನ ಮೇಲೆ ಸಿಟ್ಟು ಕೂಡ ಉಳಿದಿರಲಿಲ್ಲ. ಕೊನೆಗೆ ಅವನೇ ಹಿಂದಿರುಗಿದ.

ಸೂತಕ ಕಳೆದ ಮೇಲೆ ಮತ್ತೆ ಒಲೆ ಹೊತ್ತಿತು. ಗಳಿಗೆಯವನು ಬಟ್ಟಲು ತೇಲಿಬಿಟ್ಟ. ಗಳಿಗೆ ಸರಿಯಾಗಿಯೇ ಇತ್ತು. ಏಳನೆಯ ಪೆಟ್ಟು ಬಿತ್ತು, ಒಲೆಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಎಂಟನೆಯ ಪೆಟ್ಟು ಬಿತ್ತು, ಆಗಲೂ ನೋಡಿದರು. ಯಾವುದನ್ನು ನಂಬಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಾಲು ಇಂಗಿ, ಬೇರು ಕರಕಾಗಿ, ಹೊಗೆ ಏಳುವವರೆಗೂ ಕೊಪ್ಪರಿಗೆಗೆ ಯಾರೂ ಕೈ ಹಾಕಲಿಲ್ಲ.

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು. ವಿರೂಪಾಕ್ಷನಿಗೆ ಆ ಹೆಂಗಸಿನ ಬಗ್ಗೆ ಮರುಕವಾಯಿತು. ಆದರೆ ಗಳಿಗೆಯವನ ಜೊತೆ ತನ್ನನ್ನು ಕೂರಿಸಿದ್ದು ಅವನಿಗೆ ಅಷ್ಟು ಹಿಡಿಸಲಿಲ್ಲ. ಅವನು ತನ್ನ ಸಮರ್ಥನೆಗೆ ಇಳಿದ. ತನ್ನ ಕಚೇರಿಯಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ ಎಂದ. ಮೊದಲು ಗೋದಾಮಿನವರು ಹೊತ್ತುಗೊತ್ತಿಲ್ಲದೆ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದರು. ದೂರುಗಳನ್ನೆಲ್ಲ ಒಂದೇ ಕಡೆ ಬರೆದು ಕಳಿಸಬೇಕೆಂದು ಅವನು ಕಟ್ಟುನಿಟ್ಟು ಮಾಡಿದ್ದ. ಈಗ ಗೋದಾಮಿನಿಂದ ಒಂದು ದೂರೂ ಇಲ್ಲ. ಬರುವ ಭಾನುವಾರ ಅವನ ಹುಡುಗರು ಹಳೆಯ ಕಂಪ್ಯೂಟರ್ ವ್ಯವಸ್ಥೆಯ ತಪ್ಪುಗಳನ್ನೆಲ್ಲ ತಿದ್ದಿ ಹೊಸದನ್ನು ಹಾಕುತ್ತಿದ್ದಾರೆ, ಅದಾದ ಮೇಲೆ ಎಲ್ಲವೂ ಸರಿಹೋಗುತ್ತದೆ.

“ಅಷ್ಟೇ ಗುರುಗಳೇ, ಮಾತು ಕಡಿಮೆ ಆಗಿದೆ, ಆದರೆ ಈಗ ಅವರ ಕಡೆಯಿಂದ ತೊಂದರೆ ಏನೂ ಇಲ್ಲ” ಎಂದ.

ಗೋಡೆಗೆ ಒರಗಿದ್ದ ಗುರುಗಳು ನೇರವಾಗಿ ಕುಳಿತು ಕೇಳಿದರು.

“ಹಾಗಾದರೆ ಹೇಳು, ಗೋದಾಮಿನವರು ಈಗ ಎಷ್ಟನೆಯ ಪೆಟ್ಟಿಗೆ ಇಳಿಸುತ್ತಿದ್ದಾರೆ?”